ತೋಟದಲ್ಲಿ ಟೆಂಟ್ ಹಾಕಿಸುವ ಮುನ್ನ: ಬೆಂಗಳೂರು ಸುತ್ತಲಿನ ಜಮೀನುದಾರರಿಗೆ ಮಾರ್ಗದರ್ಶಿ

ಮಾಗಡಿ, ಕನಕಪುರ, ಆನೇಕಲ್, ದೊಡ್ಡಬಳ್ಳಾಪುರ, ನಂದಿ ಬೆಟ್ಟದ ಆಸುಪಾಸಿನಲ್ಲಿ ಒಂದೆರಡು ಎಕರೆ ಮಾವಿನ ತೋಪೋ ತೆಂಗಿನ ತೋಟವೋ ಇದ್ದವರಿಗೆ ಈಗ ಶುಕ್ರವಾರ ಬಂತೆಂದರೆ ಫೋನು: ಒಂದು ರಾತ್ರಿ ಟೆಂಟ್ ಹಾಕಿಕೊಳ್ಳೋಕೆ ಜಾಗ ಕೊಡ್ತೀರಾ? ಕೊಡಬಹುದು. ಸಣ್ಣ ಪ್ರಮಾಣದಲ್ಲಿ, ಕಟ್ಟುಪಾಡು ಹಾಕಿಕೊಂಡು ನಡೆಸಿದರೆ ತೋಟಕ್ಕೆ ನಷ್ಟವಿಲ್ಲ, ಊರಿಗೆ ಕಿರಿಕಿರಿಯಿಲ್ಲ, ಕೈಗೆ ನಾಲ್ಕು ಕಾಸೂ ಬರುತ್ತದೆ. ನಾಲ್ಕು ಟೆಂಟಿನಿಂದ ಶುರುವಾದದ್ದು ಯಾರೂ ಯೋಚಿಸದೆ ಹದಿನೈದಕ್ಕೆ ಏರಿದಾಗ ಮಾತ್ರ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಕಕ್ಕಸಿನ ಗುಂಡಿ ಉಕ್ಕುತ್ತದೆ, ಬಂಡಿದಾರಿಯಲ್ಲಿ ಕಾರು ಸಿಕ್ಕಿಕೊಳ್ಳುತ್ತದೆ, ಪಕ್ಕದ ಹೊಲದವರು ಠಾಣೆಗೆ ಹೋಗುತ್ತಾರೆ.

ಆದ್ದರಿಂದ ಕಾಗದಪತ್ರಕ್ಕೂ ಮೊದಲು ಒಂದು ಸಂಖ್ಯೆ ತೀರ್ಮಾನವಾಗಬೇಕು.

ಎಷ್ಟು ಜನ?

ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ. ಇಬ್ಬರ ಟೆಂಟು ಹಗ್ಗ, ಗೂಟ ಸೇರಿ 15 ಅಡಿ ಚೌಕ ಹಿಡಿಯುತ್ತದೆ. ಈ ಲೆಕ್ಕದಲ್ಲಿ ಗುಂಟೆಗೆ ನಾಲ್ಕು ಟೆಂಟ್ ಹಿಡಿಸಿಬಿಡಬಹುದು ಅನ್ನಿಸುತ್ತದೆ. ಜಾಗ ಅಳೆದು ಸಂಖ್ಯೆ ಹೇಳಬೇಡಿ. ಕಕ್ಕಸು ಎಷ್ಟು ಜನಕ್ಕೆ ಸಾಕು, ದಾರಿಯಲ್ಲಿ ಎಷ್ಟು ಕಾರು ತಿರುಗಬಲ್ಲವು, ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಒಬ್ಬ ಮನುಷ್ಯ ಎಷ್ಟು ಜನರನ್ನು ನೋಡಿಕೊಳ್ಳಬಲ್ಲ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಬಳಕೆಗೆ ಒಂದು ಎಕರೆ ಇರುವ ತೋಟಕ್ಕೆ ನಮ್ಮ ಸಲಹೆ ಇಷ್ಟು: 5 ಟೆಂಟ್, 12 ಜನ, 4 ಕಾರು, ವಾರಕ್ಕೆ ಎರಡು ರಾತ್ರಿ. ಮುಂದಿನ ಲೆಕ್ಕವೆಲ್ಲ ಈ 12 ಜನರನ್ನು ಹಿಡಿದೇ ಇದೆ. ಇದನ್ನು ಮೀರುವ ಆಸೆಯಿದ್ದರೆ ಮೊದಲು ಕಕ್ಕಸು ಹೆಚ್ಚಿಸಿ, ಆಮೇಲೆ ಟೆಂಟು.

ಪಹಣಿ ಮುಂದಿಟ್ಟುಕೊಂಡು ಕೂರಿ

ಕ್ಯಾಂಪಿಂಗ್ ಎಂಬ ಹೆಸರಿನ ಒಂದೇ ಲೈಸೆನ್ಸ್ ತೆಗೆದುಕೊಂಡು ಎಲ್ಲವನ್ನೂ ಮುಗಿಸುವ ಏರ್ಪಾಡು ನಮ್ಮಲ್ಲಿಲ್ಲ. ಭೂಮಿಯ ಕಾಯ್ದೆ, ಪಂಚಾಯಿತಿ, ಅರಣ್ಯ, ಆಹಾರ, ಪೊಲೀಸ್ ಎಂದು ನಿಯಮಗಳು ಹಂಚಿಹೋಗಿವೆ. ಶುರು ಮಾಡಬೇಕಾದದ್ದು ಪಹಣಿಯಿಂದ.

ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಿಂದ ಇತ್ತೀಚಿನ ಪಹಣಿ, ಅಂದರೆ ಆರ್‌ಟಿಸಿ, ತೆಗೆಯಿರಿ. 3ನೇ ಕಲಂನಲ್ಲಿ ಒಟ್ಟು ವಿಸ್ತೀರ್ಣ, ಅದರೊಳಗಿನ ಎ ಖರಾಬು, ಬಿ ಖರಾಬು ನೋಡಿ. ಎ ಖರಾಬು ಸಾಗುವಳಿಗೆ ಬಾರದ ಜಾಗ. ಬಿ ಖರಾಬು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ; ಬೇಲಿ ನಿಮ್ಮದಾಗಿದ್ದರೂ ಅಲ್ಲಿ ಟೆಂಟ್ ಹಾಕುವಂತಿಲ್ಲ. 9ನೇ ಕಲಂನಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಎಲ್ಲರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಿರಿ. ಪೋಡಿ ಆಗದ, ಅಂದರೆ ಪಾಲುಗಳನ್ನು ಅಳೆದು ಬೇರೆ ಬೇರೆ ಮಾಡದ ಜಮೀನಿನಲ್ಲಿ ಹಣ ಬರಲು ಶುರುವಾದ ದಿನವೇ ಗಡಿಯ ಜಗಳವೂ ಶುರುವಾಗುತ್ತದೆ. 11ನೇ ಕಲಂನಲ್ಲಿ ಸಾಲ, ತಡೆಯಾಜ್ಞೆ ಇದ್ದರೆ ಕಾಣುತ್ತದೆ. ದಿಶಾಂಕ್ ಆ್ಯಪ್ ಹಿಡಿದು ಜಮೀನಿನಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂಬುದು ಸಿಗುತ್ತದೆ. ಅದು ಅಂದಾಜಿಗೆ ಮಾತ್ರ. ಗಡಿ ಖಚಿತವಾಗಬೇಕಾದರೆ ಸರ್ವೆಯವರಿಂದ ಹದ್ದುಬಸ್ತು ಮಾಡಿಸಲೇಬೇಕು.

ದಾರಿಯನ್ನೂ ಈಗಲೇ ನೋಡಿಬಿಡಿ. ಗ್ರಾಮ ನಕಾಶೆಯಲ್ಲಿ ಗುರುತಾಗಿರುವ ದಾರಿ ಇದ್ದರೆ ಚಿಂತೆಯಿಲ್ಲ. ಪಕ್ಕದವರ ಬದುವಿನ ಮೇಲೆ ರೂಢಿಯಿಂದ ಓಡಾಡುತ್ತಿದ್ದರೆ ಹುಷಾರು. ಎತ್ತಿನ ಗಾಡಿಗೆ ಬಿಟ್ಟುಕೊಟ್ಟ ದಾರಿಯಲ್ಲಿ ರಾತ್ರಿ ಹನ್ನೊಂದಕ್ಕೆ ನಾಲ್ಕು ಕಾರು ಬಂದರೆ ಯಾರೂ ಸುಮ್ಮನಿರುವುದಿಲ್ಲ.

ಎರಡು ಕಾನೂನು ಬಹಳ ಜನರ ಗಮನಕ್ಕೆ ಬರುವುದೇ ಇಲ್ಲ. ಒಂದು, ಜಮೀನನ್ನು ಕ್ಯಾಂಪ್ ನಡೆಸುವ ಕಂಪನಿಗೆ ಲೀಸಿಗೆ ಕೊಡುವುದು. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಕೃಷಿ ಜಮೀನಿನ ಗೇಣಿಯನ್ನೇ ನಿಷೇಧಿಸಿದೆ, ವಿನಾಯಿತಿಗಳು ಬಹಳ ಕಡಿಮೆ. 2020ರ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದು ಕೇಳಿ, ಲೀಸೂ ಸಲೀಸು ಎಂದುಕೊಳ್ಳಬೇಡಿ. ಇನ್ನೊಂದು, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. ಇಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಲೀಸ್ ಕೂಡ ಪರಭಾರೆಯೇ. ಸರ್ಕಾರದ ಪೂರ್ವಾನುಮತಿ ಇಲ್ಲದ ಕರಾರು ನಿಲ್ಲುವುದಿಲ್ಲ. ಇಂಥ ಜಮೀನನ್ನು ಮಾಲೀಕರೇ ಸ್ವತಃ ನಡೆಸುವುದು ಕ್ಷೇಮ.

ಇನ್ನು ಭೂಪರಿವರ್ತನೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಸೆಕ್ಷನ್ ಪ್ರಕಾರ ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಇಲ್ಲದೆ ಬಳಸಿದರೆ 96ನೇ ಸೆಕ್ಷನ್ ಅಡಿ ದಂಡ. ಕಾಂಕ್ರೀಟ್ ಹಾಸು, ಸಿಮೆಂಟಿನ ಕಾಟೇಜು, ರಿಸೆಪ್ಷನ್ ಕಟ್ಟಡ ಎದ್ದರೆ ಅದು ಕೃಷಿಯೇತರ ಬಳಕೆ ಎಂಬುದರಲ್ಲಿ ವಾದಕ್ಕೇ ಜಾಗವಿಲ್ಲ. ಬೆಳೆ ನಿಂತ ತೋಪಿನಲ್ಲಿ ಶನಿವಾರ ಎದ್ದು ಸೋಮವಾರ ಇಳಿಯುವ ಟೆಂಟಿನ ವಿಷಯದಲ್ಲಿ ಅಧಿಕಾರಿಗಳು ಹೇಗೆ ನೋಡುತ್ತಾರೋ ಹಾಗೆ. ಅದಕ್ಕೇ ಊಹೆಗೆ ಬಿಡದೆ, ಎಷ್ಟು ಟೆಂಟು, ಎಷ್ಟು ರಾತ್ರಿ, ಯಾವ ಶಾಶ್ವತ ಕಟ್ಟಡವೂ ಇಲ್ಲ ಎಂದು ಬರೆದು ತಹಶೀಲ್ದಾರರ ಮೂಲಕ ಲಿಖಿತ ಉತ್ತರ ಕೇಳಿ. ಸ್ವೀಕೃತಿ ಮುದ್ರೆ ಬಿದ್ದ ಪ್ರತಿ ಕೈಯಲ್ಲಿರಲಿ. ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ಅಡಿಯ ನೆಲಮಂಗಲ, ಮಾಗಡಿ, ಕನಕಪುರ, ಆನೇಕಲ್‌ನಂಥ ಯೋಜನಾ ಪ್ರಾಧಿಕಾರಗಳ ವ್ಯಾಪ್ತಿಯಲ್ಲಿದ್ದರೆ ಮಾಸ್ಟರ್ ಪ್ಲಾನಿನಲ್ಲಿ ನಿಮ್ಮ ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂಬುದನ್ನೂ ನೋಡಿ.

ಎಲ್ಲಿ ಬೇಡವೇ ಬೇಡ

ಕೆರೆಯಂಗಳ, ರಾಜಕಾಲುವೆ ಅಂಚು, ಗೋಮಾಳ, ಅರಣ್ಯದ ಗಡಿಕಲ್ಲಿನ ಆಚೆ, ಇಷ್ಟಂತೂ ಬಿಲ್ಕುಲ್ ಬೇಡ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ 2020ರಲ್ಲಿ 168.84 ಚದರ ಕಿ.ಮೀ. ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ, ಗಡಿಯಿಂದ 100 ಮೀಟರಿನಿಂದ 1 ಕಿ.ಮೀ. ತನಕ. ರಾಮನಗರದ ರಾಮದೇವರ ಬೆಟ್ಟದ ರಣಹದ್ದು ಧಾಮಕ್ಕೂ ಇಂಥ ವಲಯವಿದೆ. ಖಾಸಗಿ ಜಮೀನಾದರೂ ಈ ವಲಯದೊಳಗಿದ್ದರೆ ವಲಯ ಅರಣ್ಯಾಧಿಕಾರಿಯನ್ನು ಕೇಳದೆ ಒಂದು ಗೂಟವನ್ನೂ ಹೊಡೆಯಬೇಡಿ.

ಬನ್ನೇರುಘಟ್ಟದಿಂದ ಕಾವೇರಿ ವನ್ಯಧಾಮದ ಕಡೆಗೆ ಆನೆಗಳ ಓಡಾಟವಿದೆ. ಆನೇಕಲ್, ಹಾರೋಹಳ್ಳಿ, ಕನಕಪುರ ಭಾಗದಲ್ಲಿ ರಾಗಿ ತೆನೆ ಬಲಿಯುವ ಹೊತ್ತಿನಿಂದ ಒಕ್ಕಣೆ ಮುಗಿಯುವವರೆಗೆ, ಮತ್ತೆ ಹಲಸು ಹಣ್ಣಾಗುವಾಗ, ಕಾಡಂಚಿನ ತೋಟದಲ್ಲಿ ಯಾರನ್ನೂ ಮಲಗಿಸಬಾರದು. ಬಟ್ಟೆಯ ಗೋಡೆಗೂ ಆನೆಗೂ ನಡುವೆ ಏನೂ ಇರುವುದಿಲ್ಲ. ಪಟಾಕಿ ಹೊಡೆದು ಓಡಿಸಿದ ಆನೆ ಯಾವ ಕಡೆಗೆ ಓಡುತ್ತದೆ ಎಂದು ಯಾರೂ ಹೇಳಲಾರರು.

ಪಂಚಾಯಿತಿ, ಠಾಣೆ, ಅಡುಗೆ

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಅರ್ಜಿ: ಸರ್ವೆ ನಂಬರು, ಗರಿಷ್ಠ ಜನ, ಕಕ್ಕಸಿನ ವ್ಯವಸ್ಥೆ, ಕಸ ಎಲ್ಲಿಗೆ, ಜವಾಬ್ದಾರರ ಫೋನ್ ನಂಬರು, ಜೊತೆಗೆ ಕೈಯಲ್ಲಿ ಬಿಡಿಸಿದ ನಕ್ಷೆ. ವ್ಯಾಪಾರ ಪರವಾನಗಿ ಬೇಕೆಂದರೆ ಅಲ್ಲೇ ಪಡೆಯಿರಿ. ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿ ಮನೆಯ ಕೋಣೆಗಳಿಗೆ. ಅದು ಇದೆ ಎಂದು ಟೆಂಟನ್ನು ಅದರೊಳಗೆ ಸೇರಿಸಿಕೊಳ್ಳಬೇಡಿ. ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಬೇರೆಯಾಗಿಯೇ ವಿಚಾರಿಸಿ.

ಠಾಣೆಗೂ ಪತ್ರ ಕೊಡಿ, ಬೀಟ್ ಪೊಲೀಸರ ಪರಿಚಯ ಇರಲಿ. ಬಂದವರ ರಿಜಿಸ್ಟರ್ ಕಡ್ಡಾಯ: ಹೆಸರು, ವಿಳಾಸ, ಗುರುತಿನ ಚೀಟಿ, ಗಾಡಿ ನಂಬರು, ಬಂದ ಹೊತ್ತು, ಹೋದ ಹೊತ್ತು. ಆಧಾರ್ ಆದರೆ ಅಂಕಿ ಮರೆಮಾಡಿದ ಪ್ರತಿ ಸಾಕು. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ಪೋರ್ಟಲಿನಲ್ಲಿ ಮಾಹಿತಿ ಹಾಕಬೇಕು. ಬಹುತೇಕರು ಇದನ್ನು ದೊಡ್ಡ ಹೋಟೆಲಿನವರ ತಲೆನೋವು ಎಂದುಕೊಂಡಿದ್ದಾರೆ. ದುಡ್ಡು ತೆಗೆದುಕೊಂಡು ಮಲಗಿಸುವ ಎಲ್ಲರಿಗೂ ಇದು ಅನ್ವಯಿಸುತ್ತದೆ.

ಊಟ ನೀವೇ ಕೊಡುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿಯನ್ನು ಅದರ ಫಾಸ್ಕಾಸ್ ಪೋರ್ಟಲಿನಲ್ಲಿ ಮಾಡಿಸಿ. ಮದ್ಯ ಮಾರುವುದು, ಪ್ಯಾಕೇಜಿನಲ್ಲಿ ಸೇರಿಸುವುದು ಅಬಕಾರಿ ಪರವಾನಗಿ ಇಲ್ಲದೆ ಅಪರಾಧ. ಧ್ವನಿವರ್ಧಕ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿಷಿದ್ಧ. ನಮ್ಮನ್ನು ಕೇಳಿದರೆ ಸ್ಪೀಕರೇ ಒಳಗೆ ಬರಬಾರದು, ಬಯಲಿನಲ್ಲಿ ಅದರ ಸದ್ದು ಮೂರು ಹೊಲ ದಾಟುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಬಹಳ ತೋಟಗಳು ತಪ್ಪುತ್ತವೆ. ಪಂಪ್‌ಸೆಟ್ಟಿನ ಸಂಪರ್ಕ ನೀರಾವರಿಗೆ ಮಾತ್ರ. ಅದರಿಂದ ವೈರು ಎಳೆದು ಟೆಂಟಿಗೆ ದೀಪ ಹಾಕಿದರೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ, ದುಪ್ಪಟ್ಟು ದರದಲ್ಲಿ ಬಿಲ್ಲು. ಒದ್ದೆ ಹುಲ್ಲಿನ ಮೇಲೆ ಬಿದ್ದ ಆ ವೈರೇ ಜೀವಕ್ಕೆ ಕುತ್ತು ಎಂಬುದು ಅದಕ್ಕಿಂತ ದೊಡ್ಡ ಮಾತು. ಟೆಂಟಿಗೊಂದು ಸೋಲಾರ್ ಲಾಟೀನು ಸಾಕು.

ಕಕ್ಕಸು

ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. 12 ಜನಕ್ಕೆ ಎರಡು ಕಕ್ಕಸು, ಬೇರೆಯಾಗಿ ಎರಡು ಬಚ್ಚಲು. ಸ್ನಾನದ ನೀರನ್ನು ಕಕ್ಕಸಿನ ಗುಂಡಿಗೆ ಬಿಡಲೇಬಾರದು. ಅದನ್ನು ಬಾಳೆ ಸಾಲಿಗೆ ತಿರುಗಿಸಿ.

ಕೆಮ್ಮಣ್ಣಿನ ಜಮೀನಿನಲ್ಲಿ ಅವಳಿ ಗುಂಡಿ ಸರಳ, ಅಗ್ಗ. ಅದಕ್ಕೂ ಮುಂಚೆ ಮಣ್ಣು ನೀರು ಕುಡಿಯುತ್ತದೆಯೇ ನೋಡಬೇಕು. ಗುಂಡಿ ತೆಗೆಯುವ ಆಳದಲ್ಲಿ ಒಂದು ಅಡಿಯ ಚಿಕ್ಕ ಕುಳಿ ತೋಡಿ, ಹಿಂದಿನ ರಾತ್ರಿಯೇ ನೀರು ತುಂಬಿ ನೆನೆಯಲು ಬಿಡಿ. ಬೆಳಗ್ಗೆ ಮತ್ತೆ ನೀರು ಹಾಕಿ, ಒಂದು ಕಡ್ಡಿಗೆ ಗುರುತು ಮಾಡಿ ಗಡಿಯಾರ ನೋಡಿ. 25 ಮಿ.ಮೀ. ಇಳಿಯಲು 30 ನಿಮಿಷದೊಳಗೆ ಹಿಡಿದರೆ ಗುಂಡಿ ಕೆಲಸ ಮಾಡುತ್ತದೆ. 60 ನಿಮಿಷ ಮೀರಿದರೆ ಆ ಜಾಗ ಬಿಟ್ಟುಬಿಡಿ. ರಾಮನಗರ, ಸಾವನದುರ್ಗದ ಕಡೆ ಎರಡಡಿಗೇ ಬಂಡೆ ಸಿಗುವ ಜಾಗಗಳು ಬಹಳ. ಅಲ್ಲಿ ಹಟ ಹಿಡಿದು ಗುಂಡಿ ತೆಗೆದರೆ ನೀರು ಇಂಗದೆ ಬಂಡೆಯ ಬಿರುಕಿನಲ್ಲಿ ನೇರ ಕೊಳವೆಬಾವಿಗೆ ಹರಿಯುತ್ತದೆ. ಅಂಥ ಕಡೆ ಮುಚ್ಚಿದ ಟ್ಯಾಂಕ್ ಇಟ್ಟು ಸಕ್ಕಿಂಗ್ ಗಾಡಿ ಕರೆಸುವುದೊಂದೇ ದಾರಿ.

ಗುಂಡಿಯ ಒಳವ್ಯಾಸ 1.2 ಮೀಟರ್, ಆಳ 1.5 ಮೀಟರ್, ಎರಡರ ನಡುವೆ ಕನಿಷ್ಠ 1 ಮೀಟರ್ ಮಣ್ಣು ಇರಲಿ. ಗೋಡೆಗೆ ಜೇನುಗೂಡಿನಂತೆ ಸಂದು ಬಿಟ್ಟು ಇಟ್ಟಿಗೆ ಕಟ್ಟಿ. ತಳಕ್ಕೆ ಮಾತ್ರ ಕಾಂಕ್ರೀಟ್ ಹಾಕುವಂತಿಲ್ಲ. ಬಾವಿ, ಬೋರಿನಿಂದ 15 ಮೀಟರಾದರೂ ದೂರ, ಇಳಿಜಾರಿನ ಕೆಳಬದಿಗೆ. ಪ್ಯಾನ್ ಮಾತ್ರ ಕಡಿದಾದ ಇಳಿಜಾರಿನ ಗ್ರಾಮೀಣ ಪ್ಯಾನನ್ನೇ ತರಿಸಿ. ಅದಕ್ಕೆ ಒಂದು ಸಲಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕು. ಸಿಟಿಯವರಿಗೆ ಒಗ್ಗಲಿ ಎಂದು ಹತ್ತು ಲೀಟರಿನ ಫ್ಲಶ್ ಕೂರಿಸಿದ ತೋಟಗಳಲ್ಲೇ ಗುಂಡಿ ಉಕ್ಕುವುದು. ವಾರದ ಸರಾಸರಿ ಲೆಕ್ಕದಲ್ಲಿ ಬಳಕೆ ಕಡಿಮೆ ಕಂಡರೂ ಶನಿವಾರ ರಾತ್ರಿಯಿಂದ ಭಾನುವಾರ ಬೆಳಗ್ಗೆವರೆಗೆ ಎಲ್ಲ ನೀರೂ ಒಟ್ಟಿಗೆ ಇಳಿಯುತ್ತದೆ, ಮಣ್ಣಿಗೆ ಅಷ್ಟು ಬೇಗ ಹೀರಲಾಗುವುದಿಲ್ಲ. ಒಂದು ಗುಂಡಿ ತುಂಬಿದ ಮೇಲೆ, ಪ್ಯಾನಿನ ಪೈಪು ಎರಡು ಗುಂಡಿಗೂ ಕವಲೊಡೆಯುವ ಛೇಂಬರಿನಲ್ಲಿ ಇಟ್ಟಿಗೆ ಅಡ್ಡಹಾಕಿ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಟ್ಟಬೇಡಿ. ಕಕ್ಕಸಿನೊಳಗೆ ಒಂದು ಮುಚ್ಚಳದ ಡಬ್ಬಿ, ಕಾಗದದ ಚೀಲ ಇಡಿ. ಪ್ಯಾಡು, ವೆಟ್ ವೈಪ್ ಒಂದು ಬಿದ್ದರೂ ಕಡಿದಾದ ಪ್ಯಾನು ಕಟ್ಟಿಕೊಳ್ಳುತ್ತದೆ.

ನೀರು ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದರೆ 12 ಜನಕ್ಕೆ 600. ಒಂದು ಸಾವಿರ ಲೀಟರಿನ ಸಿಂಟೆಕ್ಸ್ ಸಾಕು. ಕುಡಿಯುವುದಕ್ಕೆ ಬೋರಿನ ನೀರಾದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಮುಖ್ಯವಾಗಿ ನೋಡಬೇಕು, ಲೀಟರಿಗೆ 1.5 ಮಿ.ಗ್ರಾಂ ಮೀರಿದರೆ ಕುಡಿಯಲು ಕೊಡಬಾರದು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಸಾವಿರ ಲೀಟರಿಗೆ ಸುಮಾರು 8 ಗ್ರಾಂ. ಮೊದಲು ಬಕೆಟಿನಲ್ಲಿ ಕದಡಿ, ಮೇಲಿನ ತಿಳಿ ಮಾತ್ರ ಸುರಿದು, ಅರ್ಧ ಗಂಟೆ ಬಿಟ್ಟು ಬಳಸಿ. ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಸಣ್ಣ ಪೊಟ್ಟಣವನ್ನೇ ತನ್ನಿ.

ಕೃಷಿ ಹೊಂಡಕ್ಕೆ ಬೇಲಿ

ತೋಟದಲ್ಲಿ ಅತಿ ಅಪಾಯದ ಜಾಗ ಯಾವುದೆಂದರೆ ಕೃಷಿ ಹೊಂಡ. ಹಸಿರು ನೀರು, ಸುತ್ತ ಕಪ್ಪು ಪ್ಲಾಸ್ಟಿಕ್ ಹಾಳೆ. ನೋಡಿದವರಿಗೆ ಈಜುಕೊಳದ ಆಸೆ. ನೀರಿನಡಿ ಆ ಹಾಳೆಯ ಮೇಲೆ ಪಾಚಿ ಕೂತಿರುತ್ತದೆ. ಇಳಿಜಾರಿನ ಅಂಚಿನಲ್ಲಿ ಕಾಲಿಟ್ಟರೆ ಜಾರುತ್ತದೆ, ಹಿಡಿಯಲು ಒಂದು ಕಲ್ಲಿಲ್ಲ, ಬೇರಿಲ್ಲ. ಈಜು ಬಂದವರೂ ಮೇಲೆ ಹತ್ತಲಾಗದೆ ಸೋಲುತ್ತಾರೆ, ಎಳೆಯಲು ಹೋದವರೂ ಒಳಗೆ ಬೀಳುತ್ತಾರೆ. ಐದಡಿ ತಂತಿ ಬೇಲಿ, ಬೀಗ ಹಾಕುವ ಗೇಟು, ನಾಲ್ಕು ಬದಿಗೂ ಗೂಟಕ್ಕೆ ಕಟ್ಟಿ ನೀರಿಗಿಳಿಬಿಟ್ಟ ಗಂಟುಗಂಟಿನ ಹಗ್ಗ, ಗಾಳಿ ತುಂಬಿದ ಎರಡು ಲಾರಿ ಟ್ಯೂಬು ಇರಲೇಬೇಕು. ಹಳೆಯ ತೆರೆದ ಬಾವಿ, ಪಕ್ಕದ ನೀರು ತುಂಬಿದ ಕಲ್ಲುಕ್ವಾರಿಗೂ ಇದೇ ಎಚ್ಚರಿಕೆ. ಬೇಲಿ ಆಗುವ ತನಕ ಒಂದು ಬುಕ್ಕಿಂಗನ್ನೂ ತೆಗೆದುಕೊಳ್ಳಬೇಡಿ.

ಬೆಂಕಿ

ಕ್ಯಾಂಪ್ ಎಂದರೆ ಬೆಂಕಿ ಇರಲೇಬೇಕು ಎಂದುಕೊಂಡು ಬರುತ್ತಾರೆ. ಒಂದೇ ಜಾಗ ಗೊತ್ತುಮಾಡಿ: ಒಂದು ಮೀಟರ್ ಅಗಲದ ತಗ್ಗು, ಸುತ್ತ ಕಲ್ಲು, ಅದರಿಂದಾಚೆ ಮೂರು ಮೀಟರ್ ಹುಲ್ಲು ಕೆತ್ತಿದ ಬರಿ ಮಣ್ಣು, ಟೆಂಟಿಗೆ ಹತ್ತು ಮೀಟರ್ ದೂರ, ಮೇಲೆ ಕೊಂಬೆ ಇಲ್ಲದ ಕಡೆ. ಹಳ್ಳದ ಒದ್ದೆ ಕಲ್ಲು ಬೇಡ, ಒಳಗಿನ ನೀರು ಕಾದು ಕಲ್ಲು ಸಿಡಿಯುತ್ತದೆ. 200 ಲೀಟರಿನ ನೀರಿನ ಡ್ರಮ್ಮು, ಎರಡು ಬಕೆಟು, ಸಲಿಕೆ ಪಕ್ಕದಲ್ಲೇ. ಮರದಲ್ಲಿ ಹೆಜ್ಜೇನಿದ್ದರೆ ಹೊಗೆ ಆ ಕಡೆ ಹೋಗದ ಜಾಗ ಆರಿಸಿ.

ಫೆಬ್ರವರಿಯಿಂದ ಮೊದಲ ಒಳ್ಳೆಯ ಮಳೆ ಬೀಳುವ ತನಕ ಬಯಲು ಬೆಂಕಿ ಬೇಡವೆಂದೇ ಬರೆದಿಡಿ. ಒಣ ಬಾದೆ ಹುಲ್ಲು, ಲಂಟಾನ, ನೀಲಗಿರಿ ತರಗೆಲೆಗೆ ಕಿಡಿ ತಗುಲಿದರೆ ಬೇಲಿ ದಾಟಲು ನಿಮಿಷ ಸಾಕು. ಆರಿಸುವಾಗ ಮಣ್ಣು ಮುಚ್ಚಿ ಹೋಗಿಬಿಡುತ್ತಾರೆ, ಕೆಳಗೆ ಕೆಂಡ ಬೆಳಗಿನವರೆಗೂ ಉಳಿದು ಗಾಳಿಗೆ ಏಳುತ್ತದೆ. ನೀರು ಸುರಿದು, ಕೆದಕಿ, ಮತ್ತೆ ಸುರಿದು, ಮುಂಗೈ ಹತ್ತಿರ ಹಿಡಿದಾಗ ಬಿಸಿ ತಾಕಬಾರದು. ರಾತ್ರಿ ಹತ್ತೂವರೆಗೆ ಇದನ್ನು ನಿಮ್ಮ ಮನುಷ್ಯನೇ ಮಾಡಲಿ.

ಡಿಸೆಂಬರ್, ಜನವರಿಯ ಚಳಿಗೆ ಇನ್ನೊಂದು ಅಪಾಯ: ಅಗ್ಗಿಷ್ಟಿಕೆಯನ್ನೋ ಬಾರ್ಬೆಕ್ಯೂ ಕೆಂಡವನ್ನೋ ಟೆಂಟಿನೊಳಗೆ ಇಟ್ಟುಕೊಂಡು ಮಲಗುವುದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬಂದ ಕೂಡಲೇ ಬಾಯಿಬಿಟ್ಟು ಹೇಳಿ, ಹೆಚ್ಚಿನ ಕಂಬಳಿ ಕೊಡಿ.

ಹಾವು, ಸಿಡಿಲು

ತಳ ಹೊಲಿದ, ಜಿಪ್ ಸರಿಯಿರುವ ಟೆಂಟ್ ಮಾತ್ರ. ಸುತ್ತ ಮೂರು ಮೀಟರ್ ಹುಲ್ಲು ಕತ್ತರಿಸಿ. ಒಳಗೆ ತಿಂಡಿ ಇಟ್ಟರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಕಟ್ಟುಹಾವು ರಾತ್ರಿ ಮಲಗಿದವರನ್ನೇ ಕಚ್ಚುವುದು ಹೆಚ್ಚು, ಕಚ್ಚಿದ್ದು ಗೊತ್ತೇ ಆಗದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಇಳಿಬೀಳುವುದು, ಮಾತು ತೊದಲುವುದು ಕಂಡರೆ ಗ್ಯಾಸ್ಟ್ರಿಕ್ ಎಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಕುಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ. ಅಲುಗಾಡಿಸದೆ ಕರೆದೊಯ್ಯಿರಿ. ಹಾವಿನ ವಿಷಕ್ಕೆ ಔಷಧಿ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದೆಂದು ಮೊದಲೇ ಹೋಗಿ ಕೇಳಿಕೊಂಡು ಬನ್ನಿ. ಕಾರುಗಳೆಲ್ಲ ದಾರಿಯ ಕಡೆ ಮುಖ ಮಾಡಿ ನಿಲ್ಲಲಿ. 108 ಗಾಡಿಗೆ ಹೇಳಲು ಮುಖ್ಯರಸ್ತೆಯಿಂದ ದಾರಿಯ ಗುರುತನ್ನು ಬರೆದು ಅಡುಗೆಮನೆಯಲ್ಲಿ ಅಂಟಿಸಿ.

ಏಪ್ರಿಲ್, ಮೇ ಸಂಜೆಯ ಗುಡುಗುಮಳೆ ಗಾಳಿಯನ್ನೂ ತರುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆಯೇ ಜೋರು. ಒಂಟಿ ಮರ, ತೆಂಗು, ಹಳೆಯ ನೀಲಗಿರಿಯ ಕೆಳಗೆ ಟೆಂಟ್ ಬೇಡ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ಸಿಡಿಲು’, ‘ದಾಮಿನಿ’ ಆ್ಯಪ್‌ಗಳಲ್ಲಿ ಒಂದಾದರೂ ಫೋನಿನಲ್ಲಿರಲಿ. ಗುಡುಗು ಕೇಳಿಸಿದರೆ ಎಲ್ಲರೂ ಮನೆಗೆ, ಇಲ್ಲವೇ ಗಾಜು ಏರಿಸಿದ ಕಾರಿನೊಳಕ್ಕೆ. ಟೆಂಟ್ ರಕ್ಷಣೆಯಲ್ಲ.

ಬುಕ್ಕಿಂಗ್‌ಗೆ ಮುಂಚೆ ಕಳಿಸುವ ಹಾಳೆ

ನಿಯಮಗಳನ್ನು ಬಂದ ಮೇಲೆ ಹೇಳಿದರೆ ಜಗಳ, ದುಡ್ಡು ತೆಗೆದುಕೊಳ್ಳುವ ಮೊದಲು ಹೇಳಿದರೆ ಒಪ್ಪಂದ. ಒಂದೇ ಹಾಳೆಯಲ್ಲಿ: ಜನಸಂಖ್ಯೆ ಹೆಚ್ಚಿದರೆ ಗೇಟಿನಿಂದಲೇ ವಾಪಸು, ಸಂಜೆ 6ರೊಳಗೆ ಬರಬೇಕು, ಸ್ಪೀಕರ್ ಇಲ್ಲ, ಡ್ರೋನ್ ಇಲ್ಲ, ನೀರಿಗೆ ಇಳಿಯುವಂತಿಲ್ಲ, ಪಕ್ಕದ ಹೊಲಕ್ಕೆ ಕಾಲಿಡುವಂತಿಲ್ಲ, ಒಣಕಸ ನಿಮ್ಮ ಗಾಡಿಯಲ್ಲೇ ಹಿಂದಕ್ಕೆ. ಅಪಾಯಕ್ಕೆ ನಾವು ಹೊಣೆಯಲ್ಲ ಎಂದು ಸಹಿ ಹಾಕಿಸಿಕೊಂಡ ಮಾತ್ರಕ್ಕೆ ನಿಮ್ಮ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ. ಬೇಲಿ ಹಾಕದ ಹೊಂಡಕ್ಕೆ ಯಾವ ಸಹಿಯೂ ಉತ್ತರವಾಗದು.

ಅಕ್ಕಪಕ್ಕದವರಿಗೆ ನಿಮ್ಮ ನಂಬರ್ ಕೊಡಿ, ರಾತ್ರಿ ಫೋನ್ ಮಾಡಿದರೆ ಎತ್ತಿ. ತರಕಾರಿ, ಹಾಲು, ಮೊಟ್ಟೆ ಅವರಲ್ಲೇ ಕೊಳ್ಳಿ.

ಸೋಮವಾರ ಬೆಳಗ್ಗೆ ಟೆಂಟ್ ಇಳಿಸಿದ ಮೇಲೆ ಬದು ಪೂರ್ತಿ ಒಂದು ಸುತ್ತು ನಡೆಯಿರಿ. ನೋಡಬೇಕಾದದ್ದು ಒಡೆದ ಬಾಟಲಿಯ ಚೂರು, ಏಕೆಂದರೆ ಕಳೆ ಕೀಳುವವರು ಬರಿಗಾಲಲ್ಲಿ ಇಳಿಯುತ್ತಾರೆ. ಎಣ್ಣೆ ಹತ್ತಿದ ಪ್ಲಾಸ್ಟಿಕ್ ಕವರು, ಏಕೆಂದರೆ ದನ ಅದನ್ನು ನುಂಗುತ್ತದೆ. ನೆಲದಲ್ಲೇ ಉಳಿದ ಕಬ್ಬಿಣದ ಗೂಟ, ಏಕೆಂದರೆ ಮುಂದಿನ ಉಳುಮೆಯಲ್ಲಿ ಟ್ರ್ಯಾಕ್ಟರ್ ಟೈರಿಗೆ ಸಿಗುತ್ತದೆ. ಗೂಟ ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಎಣಿಸಿ ರಿಜಿಸ್ಟರಿನಲ್ಲೇ ಬರೆದಿಡಿ. ಹುಲ್ಲು ಸವೆದು ಮಣ್ಣು ಕಾಣತೊಡಗಿದ ಜಾಗದಿಂದ ಟೆಂಟನ್ನು ಮುಂದಿನ ವಾರವೇ ಬೇರೆ ಕಡೆಗೆ ಸರಿಸಿ, ಒಂದು ಮಳೆಗಾಲ ಕಳೆಯುವವರೆಗೆ ಅಲ್ಲಿಗೆ ಮರಳಿ ತರಬೇಡಿ.